ಟರ್ಬೊ ಕಾರಿಗೆ ದೊಡ್ಡ ಎಕ್ಸಾಸ್ಟ್: ಅಳತೆ, ಲೋಹ, ಸದ್ದು ಮತ್ತು ಕಾನೂನು

ಟರ್ಬೊಚಾರ್ಜರ್ ಇರುವ ಎಂಜಿನ್ ಉಗುಳುವ ಬಿಸಿ ಅನಿಲಕ್ಕೆ ಕಾರ್ಖಾನೆ ಕೊಟ್ಟ ಕೊಳವೆಯನ್ನು ಬಿಚ್ಚಿ, ಅದೇ ಕಾರಿನ ಅಡಿಭಾಗದ ಅಳತೆ ತೆಗೆದು ಕಟ್ಟಿದ ಅಗಲವಾದ ಕೊಳವೆಯನ್ನು ಕೂರಿಸುವುದಕ್ಕೆ ಗ್ಯಾರೇಜುಗಳಲ್ಲಿ ‘ಕಸ್ಟಮ್ ಟರ್ಬೊ ಎಕ್ಸಾಸ್ಟ್’ ಎನ್ನುತ್ತಾರೆ. ಟರ್ಬೊದೊಳಗೆ ಹೊಗೆಯ ಬಲದಿಂದ ತಿರುಗುವ ಟರ್ಬೈನಿನ ಬಾಯಿಗೆ ಕಚ್ಚಿಕೊಳ್ಳುವ ಡೌನ್‌ಪೈಪ್, ಹೊಗೆಯ ವಿಷ ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಎಂಜಿನ್ನಿನ ಅಲುಗಾಟ ನುಂಗುವ ಫ್ಲೆಕ್ಸ್ ತುಂಡು, ಸದ್ದಿನ ಕೆಲವು ಸ್ವರಗಳನ್ನು ಅಳಿಸುವ ರೆಸೊನೇಟರ್, ಕೊನೆಯಲ್ಲಿ ಸೈಲೆನ್ಸರ್. ಇಷ್ಟು ಅಂಗಗಳು ಈ ಸಾಲಿನಲ್ಲಿ ಬರುತ್ತವೆ. ಜನರ ಕಣ್ಣಿಗೆ ಬೀಳುವುದು ಬಂಪರಿನ ಕೆಳಗೆ ಹೊಳೆಯುವ ತುದಿಯೊಂದೇ. ಕಾರಿನ ವೇಗಕ್ಕೆ ಅತ್ಯಂತ ಕಡಿಮೆ ಸಂಬಂಧವಿರುವ ಭಾಗವೂ ಅದೇ.

ಈ ವಿಷಯಕ್ಕೆ ಬೆಳಗಾವಿ ಒಳ್ಳೆಯ ನೆಲೆ. ನಗರದ ದಕ್ಷಿಣದ ವಡಗಾವಿಯಲ್ಲಿ ನೇಕಾರರ ಮನೆಗಳೊಳಗೇ ವಿದ್ಯುತ್ ಮಗ್ಗಗಳು ಓಡುತ್ತವೆ. ಸ್ವಲ್ಪ ಪಶ್ಚಿಮಕ್ಕೆ ಸರಿದರೆ ಖಾನಾಪುರ ರಸ್ತೆಯ ಉದ್ಯಮಬಾಗ ಸಿಗುತ್ತದೆ: ಫೌಂಡ್ರಿಗಳು, ಲೇಥ್ ಶಾಪುಗಳು, ಸಿಎನ್‌ಸಿ ಯಂತ್ರಗಳು, ಜಾಬ್ ವರ್ಕ್ ನಂಬಿ ಬದುಕುವ ಸಣ್ಣ ಶೆಡ್‌ಗಳು. ಎಂಜಿನ್ ಬ್ಲಾಕು, ಸಿಲಿಂಡರ್ ಹೆಡ್ಡುಗಳನ್ನು ಎರಕ ಹೊಯ್ಯುವ ಅಶೋಕ್ ಐರನ್ ವರ್ಕ್ಸ್, ಹೈಡ್ರಾಲಿಕ್ ಬಿಡಿಭಾಗಗಳ ಪಾಲಿಹೈಡ್ರಾನ್, ಹೆಲ್ಮೆಟ್ ತಯಾರಿಸುವ ವೇಗಾ ಇವೆಲ್ಲ ಬೆಳಗಾವಿಯ ಹೆಸರುಗಳೇ. 1979ರಲ್ಲಿ ಶುರುವಾದ ಗೋಗಟೆ ತಾಂತ್ರಿಕ ಕಾಲೇಜು ಉದ್ಯಮಬಾಗದ ಮಗ್ಗುಲಲ್ಲಿದೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದೇ ದಾರಿಯಲ್ಲಿ ಮುಂದೆ ಮಚ್ಛೆಯಲ್ಲಿದೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯ ವಿಮಾನದ ಬಿಡಿಭಾಗಗಳನ್ನು ತಯಾರಿಸುತ್ತದೆ. ಲೋಹವನ್ನು ಕರಗಿಸಲು, ಕೊರೆಯಲು, ಬಗ್ಗಿಸಲು, ಬೆಸೆಯಲು ಬಲ್ಲ ಕೈಗಳು ಇಲ್ಲಿ ಹೇರಳ. ಒಳ್ಳೆಯ ಎಕ್ಸಾಸ್ಟಿಗೆ ಮೊದಲು ಬೇಕಾಗುವುದು ಬ್ರಾಂಡಿನ ಪೆಟ್ಟಿಗೆಯಲ್ಲ, ಅಂಥ ಕೈ.

ಈ ಊರಿಗೆ ಟರ್ಬೊದ ಜೊತೆ ಇನ್ನೊಂದು ನಂಟೂ ಇದೆ, ಅದು ಎತ್ತರದ್ದು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಪಣಜಿಗಿಂತ ಶೇಕಡ 8ರಿಂದ 9ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಗೋವಾದಿಂದ ಘಟ್ಟ ಹತ್ತಿ ಬಂದಾಗ ಸರಿಸುಮಾರು ಅಷ್ಟೇ ಪಾಲು ಬಲವನ್ನು ದಾರಿಯಲ್ಲೇ ಬಿಟ್ಟು ಬರುತ್ತದೆ. ಟರ್ಬೊ ಎಂಜಿನ್ ಹಾಗೆ ಸೋಲುವುದಿಲ್ಲ. ತೆಳು ಗಾಳಿಯನ್ನು ಇನ್ನಷ್ಟು ಒತ್ತಿ ಸಿಲಿಂಡರ್ ತುಂಬಿಸುತ್ತದೆ, ಅದಕ್ಕಾಗಿ ಅದರ ಚಕ್ರ ಹೆಚ್ಚು ಜೋರಾಗಿ ತಿರುಗಬೇಕಾಗುತ್ತದೆ.

ಟರ್ಬೊದ ಇತಿಹಾಸದಲ್ಲೂ ಎತ್ತರಕ್ಕೆ ದೊಡ್ಡ ಪಾತ್ರವಿದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಹೊಗೆಯ ಜೊತೆ ಪೋಲಾಗುವ ಶಕ್ತಿಯಿಂದಲೇ ಎಂಜಿನ್ನಿಗೆ ಗಾಳಿ ತುಂಬುವುದು ಅವನ ಯೋಚನೆ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್, ಲಿಬರ್ಟಿ ವಿಮಾನ ಎಂಜಿನ್ನನ್ನು ಕೊಲೊರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, ಸುಮಾರು 4,300 ಮೀಟರ್ ಎತ್ತರಕ್ಕೆ ಸಾಗಿಸಿ ಪರೀಕ್ಷಿಸಿದ. ನೆಲಮಟ್ಟದಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಶಿಖರದ ಮೇಲೆ 230ಕ್ಕೆ ಕುಸಿದಿತ್ತು. ಟರ್ಬೊ ಜೋಡಿಸಿದ ಮೇಲೆ 356ಕ್ಕೆ ಏರಿತು. ರಸ್ತೆಯ ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಶೆವ್ರೊಲೆ ಕಾರ್ವೇರ್ ಮೂಲಕ. 1973ರ ಬಿಎಂಡಬ್ಲ್ಯು 2002 ಟರ್ಬೊ, ಅದರ ಹಿಂದೆಯೇ ಬಂದ ಪೋರ್ಷೆ 911 ಟರ್ಬೊ ಅದನ್ನು ಸ್ಪೋರ್ಟ್ಸ್ ಕಾರಿನ ಗುರುತಾಗಿಸಿದವು.

ಭಾರತದಲ್ಲಿ ಬಹುಕಾಲ ಟರ್ಬೊ ಎಂದರೆ ಡೀಸೆಲ್ ಎಂದೇ ಅರ್ಥವಿತ್ತು. ಕೈಗೆಟುಕುವ ಟರ್ಬೊ ಪೆಟ್ರೋಲ್ ಕಾರುಗಳ ಕಾಲ ಕಳೆದ ದಶಕದಲ್ಲಿ ತೆರೆದುಕೊಂಡಿತು. 2013ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 2015ರಲ್ಲಿ 145 ಅಶ್ವಶಕ್ತಿಯೊಂದಿಗೆ ಬಂದ ಅಬಾರ್ತ್ ಪುಂಟೊ, 2017ರ ಬಲೆನೊ ಆರ್‌ಎಸ್ ಮತ್ತು ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2018ರ ಟಾಟಾ ಟಿಯಾಗೊ ಜೆಟಿಪಿ, 2021ರ ಹ್ಯುಂಡೈ ಐ20 ಎನ್ ಲೈನ್ ಈ ಸಾಲಿನವು. ಫೆರಾರಿ ಕೊಳ್ಳಲಾಗದ ಹುಡುಗರಿಗೂ ಟರ್ಬೊದ ಎಳೆತ ಏನೆಂದು ತಿಳಿದದ್ದು ಈ ಕಾರುಗಳಿಂದ. ಎಕ್ಸಾಸ್ಟ್ ಬದಲಿಸುವ ಆಸೆ ಹುಟ್ಟಿದ್ದೂ ಇವುಗಳ ಬೆನ್ನಿಗೇ.

ದೊಡ್ಡ ಕೊಳವೆ ಯಾಕೆ ಬೇಕು? ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಹೊಗೆ ಮಿಡಿತ ಮಿಡಿತವಾಗಿ ಹೊರಡುತ್ತದೆ. ಕೊಳವೆಯ ಉದ್ದ, ಅಗಲ ಸರಿಹೊಂದಿದರೆ ಒಂದು ಮಿಡಿತ ಮುಂದಿನದನ್ನು ಸೆಳೆದುಕೊಳ್ಳುತ್ತದೆ. ಅಲ್ಲಿ ಕೊಳವೆಯನ್ನು ಅತಿಯಾಗಿ ಅಗಲಿಸಿದರೆ ಕೆಳ ವೇಗದ ಪಿಕಪ್ ಸಾಯುತ್ತದೆ. ಟರ್ಬೊ ಎಂಜಿನ್ನಿನ ಲೆಕ್ಕವೇ ಬೇರೆ. ಟರ್ಬೈನಿನ ಅಲಗುಗಳು ಆ ಮಿಡಿತಗಳನ್ನು ಆಗಲೇ ಒಡೆದು ಸಪಾಟು ಮಾಡಿರುತ್ತವೆ. ಅದರಾಚೆಗಿನ ಕೊಳವೆ ಮಾಡಬೇಕಾದ ಕೆಲಸ ಅಡ್ಡಿಪಡಿಸದೆ ದಾರಿ ಬಿಡುವುದಷ್ಟೇ.

ಟರ್ಬೈನು ತಿರುಗುವುದು ಅದರ ಹಿಂದಿನ ಮತ್ತು ಮುಂದಿನ ಒತ್ತಡಗಳ ಅನುಪಾತದಿಂದ. ಒಳಬಾಯಿಯಲ್ಲಿ 2.0 ಬಾರ್, ಹೊರಬಾಯಿಯಲ್ಲಿ 1.3 ಬಾರ್ ಇದ್ದರೆ ಅನುಪಾತ 1.54. ಕೊಳವೆ ಅಗಲಿಸಿ ಹೊರಬಾಯಿಯ ಒತ್ತಡವನ್ನು 1.1ಕ್ಕೆ ಇಳಿಸಿದರೆ ಅನುಪಾತ 1.82ಕ್ಕೆ ಏರುತ್ತದೆ. ಎಂಜಿನ್ ಒಳಗೆ ಏನನ್ನೂ ಮುಟ್ಟದೆ ಟರ್ಬೈನಿಗೆ ಸಿಕ್ಕ ಲಾಭ ಅದು. ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ, ಬೇಗ ಬರುತ್ತದೆ. ಪೆಡಲ್ ಒತ್ತಿ ಕಾಯುವ ಹೊತ್ತು ಕಡಿಮೆಯಾಗುತ್ತದೆ.

ಇದೇ ಸೂತ್ರವನ್ನು ಟರ್ಬೈನಿನ ಈಚೆ ಬದಿಗೆ, ಅಂದರೆ ಎಂಜಿನ್ ಮತ್ತು ಟರ್ಬೊ ನಡುವಿನ ಮ್ಯಾನಿಫೋಲ್ಡಿಗೆ ಹಚ್ಚಿದರೆ ಕೆಲಸ ಕೆಡುತ್ತದೆ. ಅಲ್ಲಿ ಅನಿಲದ ಬಿಸಿ, ವೇಗ, ಮಿಡಿತ ಮೂರೂ ಉಳಿಯಬೇಕು. ಆ ದಾರಿ ಕಿರಿದಾಗಿ, ಚಿಕ್ಕದಾಗಿ, ಬಿಸಿಯಾಗಿಯೇ ಇರಬೇಕು. ಟರ್ಬೊಗೆ ಮುಂಚೆ ಬಿಗಿ, ಟರ್ಬೊದಾಚೆ ಸಡಿಲ. ಇಷ್ಟು ತಿಳಿದ ಮೆಕ್ಯಾನಿಕ್ ಅರ್ಧ ಗೆದ್ದಂತೆ.

ಎಷ್ಟು ಅಗಲ ಸಾಕು ಎನ್ನುವುದಕ್ಕೂ ಲೆಕ್ಕವಿದೆ. ಪೆಟ್ರೋಲ್ ಎಂಜಿನ್ 100 ಅಶ್ವಶಕ್ತಿ ಕೊಡಲು ನಿಮಿಷಕ್ಕೆ ಸುಮಾರು 4.5 ಕಿಲೋ ಗಾಳಿ ಬೇಕು. 200 ಅಶ್ವಶಕ್ತಿಯ ಕಾರಾದರೆ ಇಂಧನವೂ ಸೇರಿ ನಿಮಿಷಕ್ಕೆ ಹತ್ತು ಕಿಲೋ ಹತ್ತಿರ ಅನಿಲ ಹೊರಬೀಳುತ್ತದೆ. 700 ಡಿಗ್ರಿ ಬಿಸಿಯಲ್ಲಿ ಅದು ಹಿಗ್ಗಿ ಸೆಕೆಂಡಿಗೆ 450 ಲೀಟರಿನಷ್ಟಾಗುತ್ತದೆ. ಎರಡೂವರೆ ಇಂಚಿನ, ಅಂದರೆ 63 ಮಿ.ಮೀ. ಕೊಳವೆಯಲ್ಲಿ ಈ ಅನಿಲ ಸೆಕೆಂಡಿಗೆ ಸುಮಾರು 155 ಮೀಟರ್ ವೇಗದಲ್ಲಿ ಓಡಬೇಕು. ಮೂರು ಇಂಚಿನ, 76 ಮಿ.ಮೀ. ಕೊಳವೆಯಲ್ಲಿ 105 ಮೀಟರ್ ಸಾಕು. ಒತ್ತಡದ ನಷ್ಟ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, ಅರ್ಧ ಇಂಚು ಹೆಚ್ಚಿಸಿದ್ದಕ್ಕೆ ನಷ್ಟ ಅರ್ಧಕ್ಕಿಂತ ಕೆಳಗಿಳಿಯುತ್ತದೆ. 110 ಅಶ್ವಶಕ್ತಿಯ ಒಂದು ಲೀಟರ್ ಕಾರಿನಲ್ಲಿ ಹರಿವು ಇದರ ಅರ್ಧದಷ್ಟೇ. ಅಲ್ಲಿ ಎರಡೂವರೆ ಇಂಚೇ ಧಾರಾಳವಾಯಿತು. ಆ ಕಾರಿಗೆ ಮೂರೂವರೆ ಇಂಚಿನ ಕೊಳವೆ ಹಾಕಿಸಿದವರು ಕೊಂಡದ್ದು ತೂಕ ಮತ್ತು ಸದ್ದು ಮಾತ್ರ.

ಲೋಹದ ವಿಷಯಕ್ಕೆ ಬಂದರೆ ಬೆಳಗಾವಿಯ ಅನುಭವ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಪೆಟ್ರೋಲ್ ಎಂಜಿನ್ನಿನ ಟರ್ಬೈನ್ ಬಾಯಲ್ಲಿ ಅನಿಲ 950 ಡಿಗ್ರಿ ದಾಟಬಲ್ಲದು. ಡೀಸೆಲ್ಲಿನಲ್ಲಿ ಅದು 800ರ ಆಸುಪಾಸು. ಸಾಮಾನ್ಯ ಬೂದು ಎರಕದ ಕಬ್ಬಿಣ ಈ ಬಿಸಿಗೆ ನಿಲ್ಲುವುದಿಲ್ಲ, ಬಿರುಕು ಬಿಡುತ್ತದೆ. ಅದಕ್ಕೇ ಟರ್ಬೈನಿನ ಕವಚಕ್ಕೆ ಸಿಲಿಕಾನ್, ಮಾಲಿಬ್ಡಿನಂ ಬೆರೆಸಿದ ಎಸ್‌ಜಿ ಕಬ್ಬಿಣ, ನಿಕ್ಕಲ್ ಹೆಚ್ಚಿರುವ ಕಬ್ಬಿಣ ಅಥವಾ ಎರಕದ ಸ್ಟೇನ್‌ಲೆಸ್ ಬಳಸುತ್ತಾರೆ. ಫೌಂಡ್ರಿಯಲ್ಲಿ ಪಳಗಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಕೊಳವೆಗೆ ಸಾಮಾನ್ಯವಾಗಿ ಆರಿಸುವುದು 304 ದರ್ಜೆಯ ಸ್ಟೇನ್‌ಲೆಸ್, ಗೋಡೆಯ ದಪ್ಪ ಒಂದೂವರೆ ಮಿ.ಮೀ. ಆಸುಪಾಸು. ಕಾರ್ಖಾನೆಯ ಕೊಳವೆಗಳು ಹೆಚ್ಚಾಗಿ 409 ದರ್ಜೆಯವು. ಅಗ್ಗ, ಮೇಲ್ಮೈ ತುಕ್ಕು ಹಿಡಿಯುತ್ತದೆ, ಆದರೆ ಬಿಸಿಗೆ ಕಡಿಮೆ ಹಿಗ್ಗುತ್ತದೆ. 304ರ ಹೊಳಪಿಗೆ ಮರುಳಾದವರು ಈ ಹಿಗ್ಗುವಿಕೆಯನ್ನು ಮರೆಯುತ್ತಾರೆ. ಎರಡು ಮೀಟರ್ ಉದ್ದದ 304 ಕೊಳವೆ 500 ಡಿಗ್ರಿಯಷ್ಟು ಬಿಸಿಯಾದರೆ ಸುಮಾರು 17 ಮಿ.ಮೀ. ಉದ್ದವಾಗುತ್ತದೆ. ಅದನ್ನು ಎರಡೂ ತುದಿಯಲ್ಲಿ ಬಿಗಿದು ಕಟ್ಟಿದರೆ ಆ ಹಿಗ್ಗು ಎಲ್ಲಿಗೆ ಹೋಗಬೇಕು? ಬೆಸುಗೆಯನ್ನೋ, ಟರ್ಬೈನಿನ ಬಾಯನ್ನೋ ಸೀಳಿಕೊಂಡು ಹೋಗುತ್ತದೆ. ಫ್ಲೆಕ್ಸ್ ತುಂಡು, ರಬ್ಬರಿನ ತೂಗುಪಟ್ಟಿಗಳು, ಕೀಲಿನಂತೆ ಸರಿದಾಡುವ ಜೋಡಣೆ ಇವನ್ನು ಉಳಿತಾಯದ ಹೆಸರಲ್ಲಿ ಬಿಟ್ಟ ಕೆಲಸ ಬಾಳುವುದಿಲ್ಲ.

ಬೆಸುಗೆಯೇ ಇಡೀ ಕೆಲಸದ ಪ್ರಾಣ. ನಮ್ಮ ಕಡೆ ಟಿಗ್ ವೆಲ್ಡಿಂಗಿಗೆ ಆರ್ಗಾನ್ ವೆಲ್ಡಿಂಗ್ ಎಂದೇ ರೂಢಿ. ಹೊರಗಿನಿಂದ ಆರ್ಗಾನ್ ಬಿಟ್ಟು ಬೆಸೆಯುವುದನ್ನು ಹಲವರು ಬಲ್ಲರು. ಕೊಳವೆಯ ಒಳಗೂ ಆರ್ಗಾನ್ ತುಂಬಿಸಿ ಗಾಳಿಯನ್ನು ಹೊರಹಾಕಿದ ಮೇಲೆ ಬೆಸೆಯುವವರು ಕಡಿಮೆ. ಹಾಗೆ ಮಾಡದಿದ್ದರೆ ಒಳಮೈಯ ಬೆಸುಗೆ ಆಮ್ಲಜನಕಕ್ಕೆ ಸಿಕ್ಕಿ ಕರಕಲಾಗಿ ಹರಳುಗಟ್ಟುತ್ತದೆ. ಅಲ್ಲಿ ಹರಿವು ಕೆಡುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಹೊರಗಿನ ಬೆಸುಗೆ ಎಷ್ಟೇ ಸುಂದರವಾಗಿದ್ದರೂ ಒಳಗೆ ಕೈಯಾಡಿಸಿ ನೋಡದೆ ಹಣ ಎಣಿಸಬಾರದು. ಬಾಗುಗಳ ಮಾತೂ ಹಾಗೆಯೇ. ಒಳಗೆ ಆಧಾರದ ಗುಂಡು ಇಟ್ಟು ಬಗ್ಗಿಸಿದ ಮ್ಯಾಂಡ್ರೆಲ್ ಬೆಂಡ್ ತನ್ನ ಪೂರ್ತಿ ಅಗಲವನ್ನು ಉಳಿಸಿಕೊಳ್ಳುತ್ತದೆ. ಸಾದಾ ಯಂತ್ರದಲ್ಲಿ ಒತ್ತಿ ಬಗ್ಗಿಸಿದ ಕೊಳವೆ ತಿರುವಿನಲ್ಲಿ ಚಪ್ಪಟೆಯಾಗುತ್ತದೆ. ಆಗ ಮೂರು ಇಂಚಿಗೆ ಕೊಟ್ಟ ದುಡ್ಡಿಗೆ ಎರಡೂವರೆ ಇಂಚಿನ ಫಲ.

ಕೊಳವೆ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬೂಸ್ಟ್ ಮಿತಿ ಮೀರದಂತೆ ಹೆಚ್ಚುವರಿ ಅನಿಲವನ್ನು ಟರ್ಬೈನಿನ ಪಕ್ಕಕ್ಕೆ ತಿರುಗಿಸುವ ಸಣ್ಣ ಬಾಗಿಲು ವೇಸ್ಟ್‌ಗೇಟ್. ಕಾರ್ಖಾನೆಯ ಬಿಗಿ ಕೊಳವೆಗೆ ತಕ್ಕಂತೆ ಅದರ ಅಳತೆ ಇಟ್ಟಿರುತ್ತಾರೆ. ಹಿಂದಿನ ಅಡ್ಡಿ ಹಠಾತ್ತನೆ ಹೋದಾಗ, ಬಾಗಿಲು ಪೂರ್ತಿ ತೆರೆದರೂ ಸಾಲದೆ ಬೂಸ್ಟ್ ತಾನಾಗಿ ಏರುತ್ತಾ ಹೋಗಬಹುದು. ಸಣ್ಣ ಕಾರಿನ ಟರ್ಬೊ ಈಗಾಗಲೇ ನಿಮಿಷಕ್ಕೆ 2 ಲಕ್ಷ ಸುತ್ತು ಮೀರಿ ತಿರುಗುತ್ತಿರುತ್ತದೆ, ಬೆಳಗಾವಿಯ ತೆಳು ಗಾಳಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಮಿತಿಯ ಅಂಚಿನಲ್ಲಿರುವ ಚಕ್ರಕ್ಕೆ ಕೊನೆಯ ತಳ್ಳು ಅಲ್ಲೇ ಸಿಗುತ್ತದೆ. ಆದ್ದರಿಂದ ಡೌನ್‌ಪೈಪ್ ಬದಲಿಸಿದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ (ಇಸಿಯು) ಟ್ಯೂನಿಂಗ್, ಬೂಸ್ಟ್ ಮತ್ತು ಗಾಳಿ–ಇಂಧನ ಅನುಪಾತದ ಅಳತೆ ಆಗಲೇಬೇಕು. ಕಿವಿಗೆ ಚೆನ್ನಾಗಿ ಕೇಳಿಸಿತು ಎನ್ನುವುದು ಅಳತೆಯಲ್ಲ.

ಸದ್ದಿನ ವಿಜ್ಞಾನ ಈ ವಿಷಯದ ಅತ್ಯಂತ ಸ್ವಾರಸ್ಯದ ಭಾಗ, ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದೂ ಹೌದು. ಟರ್ಬೈನು ಸ್ವಭಾವತಃ ಸದ್ದು ಇಳಿಸುವ ಯಂತ್ರ. ಹೊಗೆಯ ಮಿಡಿತವನ್ನು ಒಡೆಯುವಾಗ ಅದರ ಗರ್ಜನೆಯನ್ನೂ ನುಂಗುತ್ತದೆ. ಹಾಗಾಗಿ ಟರ್ಬೊ ಕಾರಿನಲ್ಲಿ ಅಗಲ ಕೊಳವೆಯನ್ನು ಹೆಚ್ಚು ಗದ್ದಲವಿಲ್ಲದೆ ಕಟ್ಟಲು ಸಾಧ್ಯವಿದೆ. ರಂಧ್ರದ ಕೊಳವೆಯ ಸುತ್ತ ಗಾಜಿನ ನಾರು ತುಂಬಿದ ನೇರ ಸೈಲೆನ್ಸರ್ ಹರಿವಿಗೆ ಅಡ್ಡ ಬರದೆ ಎತ್ತರದ ಸ್ವರಗಳನ್ನು ಹೀರುತ್ತದೆ. ಉಳಿಯುವುದು ಕೆಳಸ್ವರದ ಗುಂಯ್‌ಗುಡುವಿಕೆ. ನಾಲ್ಕು ಸಿಲಿಂಡರಿನ ಎಂಜಿನ್ 3,000 ಸುತ್ತಿನಲ್ಲಿ ಸೆಕೆಂಡಿಗೆ 100 ಮಿಡಿತ ಕೊಡುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ತಲೆ ನೋಯಿಸುವುದು ಇದೇ ಸ್ವರ. ಇದಕ್ಕೆ ಮದ್ದೂ ಲೆಕ್ಕದಲ್ಲೇ ಇದೆ: ಒಂದು ತುದಿ ಮುಚ್ಚಿದ ಪಕ್ಕದ ಕೊಳವೆ, ಉದ್ದ ಆ ಸ್ವರದ ಅಲೆಯ ಕಾಲು ಭಾಗ. 300 ಡಿಗ್ರಿಯ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 480 ಮೀಟರ್. ಕಾಲು ಅಲೆ ಎಂದರೆ 1.2 ಮೀಟರ್. ಆ ತುಂಡನ್ನು ಸರಿಯಾದ ಜಾಗದಲ್ಲಿ ಬೆಸೆದರೆ, ಒಳಹೊಕ್ಕು ಮರಳಿದ ಅಲೆ ಎದುರಿನ ಅಲೆಯನ್ನು ಅಳಿಸುತ್ತದೆ, ಗುಂಯ್‌ಗುಡುವಿಕೆ ಅಡಗುತ್ತದೆ. ಮೂರು ಇಂಚಿನ ಕೊಳವೆ ಬೆಸೆಯುವುದಕ್ಕಿಂತ ಈ ಕಾಲು ಅಲೆಯನ್ನು ಸರಿ ಕೂರಿಸುವುದು ಹೆಚ್ಚಿನ ಕುಶಲತೆ.

ಹೊಗೆಯ ವಿಷದ ಪ್ರಶ್ನೆಯನ್ನು ಸದ್ದಿನಷ್ಟು ಸುಲಭವಾಗಿ ಬಗೆಹರಿಸಲಾಗದು. ಡೌನ್‌ಪೈಪಿನಲ್ಲಿ ಅತಿ ದೊಡ್ಡ ಅಡ್ಡಿ ಕ್ಯಾಟಲಿಟಿಕ್ ಕನ್ವರ್ಟರ್. ಅದನ್ನು ಕಿತ್ತೊಗೆಯುವ ಚಾಳಿ ಎಲ್ಲೆಡೆ ಇದೆ. ಕಾರ್ಬನ್ ಮಾನಾಕ್ಸೈಡ್, ಉರಿಯದ ಇಂಧನ, ನೈಟ್ರೋಜನ್ ಆಕ್ಸೈಡುಗಳನ್ನು ತೊಡೆಯುವುದು ಆ ಪೆಟ್ಟಿಗೆಯೇ. ಅದು ಕೆಲಸ ಶುರುಮಾಡಲು 250–300 ಡಿಗ್ರಿ ಬಿಸಿಯಾಗಬೇಕು. ಹಾಗಾಗಿ ತಯಾರಕರು ಅದನ್ನು ಟರ್ಬೊಗೆ ಅಂಟಿಸಿದಂತೆ ಇಡುತ್ತಾರೆ, ಹಿಂದಕ್ಕೆ ಸರಿಸಿದರೂ ತಣ್ಣನೆಯ ಎಂಜಿನ್ನಿನ ಹೊಗೆ ಶುದ್ಧವಾಗದೆ ಹೊರಬೀಳುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿಎಸ್-6 ಮಾನದಂಡದ ಕಾರಿನಲ್ಲಿ ಇದನ್ನು ತೆಗೆದರೆ ಹಿಂಬದಿಯ ಆಕ್ಸಿಜನ್ ಸೆನ್ಸರ್ ಗುರುತಿಸಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಸುತ್ತದೆ. ಈ ಮಾನದಂಡದ ಪೆಟ್ರೋಲ್ ಕಾರಿನ ಹೊಗೆ ತಪಾಸಣೆಯಲ್ಲಿ ಐಡಲ್ ಸ್ಥಿತಿಯ ಕಾರ್ಬನ್ ಮಾನಾಕ್ಸೈಡ್ ಶೇಕಡ 0.3 ಮೀರುವಂತಿಲ್ಲ. ವಿರಳ ಜಾಲರಿಯ ಸ್ಪೋರ್ಟ್ಸ್ ಕ್ಯಾಟಲಿಸ್ಟುಗಳು ಹರಿವನ್ನು ಸುಧಾರಿಸುತ್ತವೆ ನಿಜ, ಆದರೆ ಅವೂ ತಯಾರಕರ ಅನುಮೋದಿತ ಭಾಗವಲ್ಲ.

ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮುರಿದರೆ 190ನೇ ಕಲಮು ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ಚಾಲನಾ ಪರವಾನಗಿಯನ್ನೂ ಮೂರು ತಿಂಗಳು ಕಳೆದುಕೊಳ್ಳಬೇಕಾಗುತ್ತದೆ. ಹೊಸ ಪ್ರಯಾಣಿಕ ಕಾರಿನ ಸದ್ದಿಗೆ ಅನುಮೋದನೆ ಪರೀಕ್ಷೆಯಲ್ಲಿರುವ ಮಿತಿ 74 ಡೆಸಿಬಲ್. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಕರ್ಕಶ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಹಾಸಿ ರೋಡ್ ರೋಲರ್ ಹರಿಸಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಬೈಕಿನವು, ಆದರೆ ಕಾರಿಗೂ ಕಾನೂನು ಅದೇ.

ಬೆಳಗಾವಿಯ ಹುಡುಗರು ಕಾರು ಹತ್ತಿ ಹೊರಡುವ ದಾರಿ ಯಾವುದು? ಖಾನಾಪುರ ದಾಟಿ ರಾಮನಗರ, ಅನಮೋಡ್ ಕಡೆಗೆ, ಇಲ್ಲವೇ ಜಾಂಬೋಟಿ, ಕಣಕುಂಬಿ ಮೂಲಕ ಚೋರ್ಲಾ ಘಟ್ಟಕ್ಕೆ. ಮಲಪ್ರಭಾ ಹುಟ್ಟುವುದು ಕಣಕುಂಬಿಯಲ್ಲಿ. ಖಾನಾಪುರ ತಾಲ್ಲೂಕಿನಲ್ಲೇ 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮವಿದೆ. ಜಗತ್ತಿನಲ್ಲಿ ಅತ್ಯಪರೂಪವಾದ ರಾಟನ್ ಬಾವಲಿಗಳು ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ನೆಲೆಸಿವೆ. ಮಳೆಗಾಲದಲ್ಲಿ ಸಹ್ಯಾದ್ರಿಯ ಈ ಅಂಚಿನಲ್ಲಿ ಸುರಿಯುವ ನೀರು ಕಾದ ಕೊಳವೆಯನ್ನು ಮತ್ತೆ ಮತ್ತೆ ಹಠಾತ್ತನೆ ತಣ್ಣಗಾಗಿಸುತ್ತದೆ, ದುರ್ಬಲ ಬೆಸುಗೆ ಬಾಯಿಬಿಡುವುದು ಆಗಲೇ. ಹಳ್ಳಿಗಳ ವೇಗತಡೆಗಳು ಅಗಲ ಕೊಳವೆಯನ್ನು ಕೆರೆಯುತ್ತವೆ. ಇಲ್ಲಿ ಗರ್ಜಿಸುವ ಎಕ್ಸಾಸ್ಟ್ ತಂದು ಮೆರೆಯುವುದು ಕಾಡಿಗೂ ತೊಂದರೆ, ಹಳ್ಳಿಗೂ ತೊಂದರೆ. ನಗರದೊಳಗೂ ಅಷ್ಟೇ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಹಗಲೆಲ್ಲ ಮಗ್ಗದ ಸದ್ದಿನಲ್ಲಿ ದುಡಿಯುವ ವಡಗಾವಿಯ ಮನೆಗಳಿಗೆ ರಾತ್ರಿಯ ನಿಶ್ಶಬ್ದವಾದರೂ ಸಿಗಬೇಕು.

ಈ ವಿದ್ಯೆಗೆ ಸಲ್ಲುವ ಜಾಗ ಮೋಟಾರ್ ಸ್ಪೋರ್ಟ್. ಅಲ್ಲಿ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟದ ನಿಯಮಗಳಿವೆ, ತಪಾಸಣೆ ಇದೆ, ಸುರಕ್ಷತೆ ಇದೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಗೆ ದೀರ್ಘ ಇತಿಹಾಸವಿದೆ. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳು ರಾಷ್ಟ್ರೀಯ ರ‍್ಯಾಲಿಗೆ ಹೆಸರಾಗಿವೆ. ಬೆಂಗಳೂರಿನ ಕರ್ಣ ಕಡೂರು ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್ ಆದವರು. ಕಾಸರಗೋಡಿನ ಮೂಸಾ ಷರೀಫ್ ಸಹಚಾಲಕರಾಗಿ ಗೌರವ್ ಗಿಲ್ ಜೊತೆ ಮಹೀಂದ್ರಾ ಎಕ್ಸ್‌ಯುವಿ500ರಲ್ಲಿ ಸ್ಪರ್ಧಿಸಿದರು. ಅದು ಟರ್ಬೊ ಡೀಸೆಲ್ ಬಂಡಿ. ಗಿಲ್ 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರ್ ಸ್ಪೋರ್ಟ್ ಪಟು. ಟ್ರ್ಯಾಕ್ ಬೇಕೆನ್ನುವವರಿಗೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಬಳಿಯ ಶ್ರೀಪೆರಂಬುದೂರಿನ ಟ್ರ್ಯಾಕ್ ಇವೆ. ಕರ್ನಾಟಕದಲ್ಲಿ ಅಂಥ ಪೂರ್ಣಪ್ರಮಾಣದ ರೇಸ್ ಟ್ರ್ಯಾಕ್ ಇಲ್ಲದಿರುವುದು ದೊಡ್ಡ ಕೊರತೆ. ಉದ್ಯಮಬಾಗದ ಪಕ್ಕದಲ್ಲಿ ಒಂದು ಕಿರು ಡ್ರ್ಯಾಗ್ ಪಟ್ಟಿಯಾದರೂ ಇದ್ದಿದ್ದರೆ ಖಾನಾಪುರ ರಸ್ತೆಯ ಮೇಲಿನ ಎಷ್ಟೋ ಹುಚ್ಚಾಟ ಅಲ್ಲಿಗೆ ಸರಿಯುತ್ತಿತ್ತು.

ಸ್ಪರ್ಧೆಗೆಂದು ಕಾರು ಕಟ್ಟುವವರು ಮೊದಲು ಸ್ಪರ್ಧೆಯ ನಿಯಮಪುಸ್ತಕ ಓದಲಿ, ಆಮೇಲೆ ಕೊಳವೆಯ ಅಳತೆ ನಿರ್ಧರಿಸಲಿ. ಬೆಸುಗೆಯ ಒಳಮೈ ತೋರಿಸಲು ಒಪ್ಪದ ಗ್ಯಾರೇಜಿನಿಂದ ದೂರವಿರಲಿ. ಟ್ಯೂನಿಂಗ್ ಆಗುವವರೆಗೆ ಪೂರ್ತಿ ಪೆಡಲ್ ಒತ್ತದಿರಲಿ. ಕಾರನ್ನು ಟ್ರ್ಯಾಕಿಗೆ ಟ್ರೇಲರಿನ ಮೇಲೆ ಒಯ್ಯಲಿ. ದಿನನಿತ್ಯ ರಸ್ತೆಯಲ್ಲಿ ಓಡುವ ನೋಂದಾಯಿತ ಕಾರಿಗೆ ತಯಾರಕರು ಕೊಟ್ಟ ಎಕ್ಸಾಸ್ಟೇ ಇರಬೇಕು, ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಸೈಲೆನ್ಸರ್ ಸಮೇತ.